ಹಳೆಯ ಮಳೆ ಪುಸ್ತಕದ ಇಂಚು, ಸೆಂಟುಗಳನ್ನು ಪೈಥಾನ್‌ನಲ್ಲಿ ಕೂಡುವುದು ಹೇಗೆ?

ಪ್ರಶ್ನೆ (ಸುಂಟಿಕೊಪ್ಪದಿಂದ)

ನಮ್ಮ ತೋಟದಲ್ಲಿ ಅಜ್ಜನ ಕಾಲದಿಂದಲೂ ಮಳೆ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುವ ರೂಢಿಯಿದೆ. ಅದನ್ನೆಲ್ಲ ಸಿಎಸ್‌ವಿ ಕಡತಕ್ಕೆ ಟೈಪ್ ಮಾಡಿ, ತಿಂಗಳುವಾರು ಮೊತ್ತ ತೆಗೆಯುವ ಸಣ್ಣ ಪ್ರೋಗ್ರಾಂ ಒಂದನ್ನು ಪೈಥಾನ್‌ನಲ್ಲಿ ಬರೆಯುತ್ತಿದ್ದೇನೆ. ಅಜ್ಜ ಇಂಚು ಮತ್ತು ಸೆಂಟುಗಳ ನಡುವೆ ಅಡ್ಡಗೆರೆ ಹಾಕಿ 1-05 ಎಂದು ಬರೆಯುತ್ತಿದ್ದರು. ಹಳೆಯ ಪುಟಗಳಲ್ಲಿ ಅದು ಕನ್ನಡ ಅಂಕಿಗಳಲ್ಲಿ ೧-೦೫ ಎಂದಿದೆ. ಅಪ್ಪನ ಪುಟಗಳಲ್ಲಿ ಅಡ್ಡಗೆರೆಯ ಬದಲು ಚುಕ್ಕಿ ಇದ್ದು, 1.5 ಎಂಬಂಥ ನಮೂದುಗಳು ಬಹಳ ಇವೆ. ಅಡ್ಡಗೆರೆಯನ್ನು ಚುಕ್ಕಿಯಾಗಿಸಿ, ಎಲ್ಲವನ್ನೂ ಫ್ಲೋಟ್ (ದಶಮಾಂಶ ಸಂಖ್ಯೆ) ಆಗಿ ಓದಿಸಿ ಕೂಡಿದರೆ, ಪುಟದ ಕೊನೆಯಲ್ಲಿ ಅವರೇ ಬರೆದಿಟ್ಟ ತಿಂಗಳ ಮೊತ್ತಕ್ಕೆ ನನ್ನ ಉತ್ತರ ತಾಳೆಯಾಗುವುದಿಲ್ಲ. ಸಾಲದ್ದಕ್ಕೆ ಕೆಲವು ಮೊತ್ತಗಳಿಗೆ ದಶಮಾಂಶದ ಉದ್ದ ಬಾಲವೂ ಅಂಟಿಕೊಳ್ಳುತ್ತದೆ. ಮಿಲಿಮೀಟರ್‌ಗೆ ಪರಿವರ್ತಿಸುವುದಾದರೆ ಅದನ್ನು ಯಾವ ಹಂತದಲ್ಲಿ ಮಾಡಬೇಕೆಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ (ಮಡಿಕೇರಿಯಿಂದ)

ಮೊತ್ತ ತಪ್ಪುವುದಕ್ಕೆ ಕಾರಣ ಕೂಡುವ ಸಾಲಿಗಿಂತ ಮೊದಲೇ ಇದೆ. ನಮ್ಮ ಜಿಲ್ಲೆಯ ತೋಟಗಳಲ್ಲಿ ಒಂದು ಇಂಚಿಗೆ ನೂರು ಸೆಂಟು ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕವಾದ್ದರಿಂದ, 1.5 ಎಂದು ಬರೆದವರ ಮನಸ್ಸಿನಲ್ಲಿ ಒಂದು ಇಂಚು ಐದು ಸೆಂಟು ಇದ್ದಿರಬಹುದು. ಫ್ಲೋಟ್ ಮಾತ್ರ ಅದನ್ನು ಯಾವಾಗಲೂ ಒಂದು ಇಂಚು ಐವತ್ತು ಸೆಂಟು ಎಂದೇ ಓದುತ್ತದೆ. ಮಾರ್ಚ್ ತಿಂಗಳ ಪುಟದಲ್ಲಿ 0.8 ಎಂದಿದ್ದರೆ ಅದು ಎಂಟು ಸೆಂಟೋ ಎಂಬತ್ತು ಸೆಂಟೋ ಎಂಬುದರ ಮೇಲೆ, ಆ ವರ್ಷ ರೊಬಸ್ಟಾ ಕಾಫಿಗೆ ಹೂ ಅರಳಿಸುವ ಹೂಮಳೆ ಸಿಕ್ಕಿತ್ತೇ ಇಲ್ಲವೇ ಎಂಬ ಉತ್ತರವೇ ಬದಲಾಗುತ್ತದೆ.

ಆದ್ದರಿಂದ ಫ್ಲೋಟ್ ಅನ್ನು ಬಿಟ್ಟುಬಿಡಿ. ನಮೂದನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿಯೇ ಓದಿ, ಚುಕ್ಕಿಯಿದ್ದರೆ ರಿಪ್ಲೇಸ್‌ನಿಂದ ಅಡ್ಡಗೆರೆಯಾಗಿಸಿ, ಅಡ್ಡಗೆರೆಯ ಬಳಿ ಪಾರ್ಟಿಷನ್ ಮೂಲಕ ಒಡೆಯಿರಿ. ಸ್ಪ್ಲಿಟ್‌ಗಿಂತ ಪಾರ್ಟಿಷನ್ ಮೇಲು ಎನ್ನುವುದಕ್ಕೆ ಕಾರಣವಿದೆ: ಬರಿದೇ 2 ಎಂದು ಬರೆದಿರುವ ಕಡೆಯಲ್ಲೂ ಅದು ಮೂರು ತುಂಡುಗಳನ್ನೇ ಕೊಡುತ್ತದೆ, ಕೊನೆಯದು ಖಾಲಿಯಾಗಿರುತ್ತದೆ, ಆ ಖಾಲಿ ತುಂಡನ್ನು ಸೊನ್ನೆ ಎಂದು ತೆಗೆದುಕೊಂಡರೆ ಸಾಕು. ಮೊದಲ ಮತ್ತು ಕೊನೆಯ ತುಂಡುಗಳನ್ನು ಇಂಟ್ ಮೂಲಕ ಸಂಖ್ಯೆಯಾಗಿಸಿದ ಮೇಲೆ ಉಳಿಯುವುದು ಇಷ್ಟೇ:

ಒಟ್ಟು = ಇಂಚು * 100 + ಸೆಂಟು
ಮಿಮೀ = ಒಟ್ಟು * 0.254

ಪೈಥಾನ್ 3 ಕನ್ನಡದ ಚರನಾಮಗಳನ್ನು ಒಪ್ಪುವುದರಿಂದ ಈ ಸಾಲುಗಳು ಇದ್ದಂತೆಯೇ ಓಡುತ್ತವೆ. ಸೆಂಟುಗಳು ಪೂರ್ಣಾಂಕಗಳಾದ್ದರಿಂದ ನೀವು ಹೇಳಿದ ಬಾಲವೂ ಬರುವುದಿಲ್ಲ, 0.1 ಮತ್ತು 0.2ನ್ನು ಕೂಡಿದರೆ 0.30000000000000004 ಬರುವುದು, ಆ ಭಿನ್ನರಾಶಿಗಳನ್ನು ಬೈನರಿಯಲ್ಲಿ ಕರಾರುವಾಕ್ಕಾಗಿ ಬರೆಯಲಾಗದ ಕಾರಣದಿಂದ. ಎರಡನೆಯ ಸಾಲನ್ನು ತಿಂಗಳ ಮೊತ್ತ ಸಿದ್ಧವಾದ ಮೇಲೆ ಒಮ್ಮೆ ಮಾತ್ರ ಬಳಸಿ. ಪ್ರತಿದಿನದ ಮಳೆಯನ್ನೂ ಮಿಲಿಮೀಟರ್ ಮಾಡಿ ದುಂಡಾಗಿಸುತ್ತ ಹೋದರೆ, ಜುಲೈನಂಥ ತಿಂಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳು ಸೇರಿ ಕಣ್ಣಿಗೆ ಬೀಳುವಷ್ಟಾಗಬಹುದು.

ಇನ್ನು 1.5ರ ಸಂಶಯ. ಚುಕ್ಕಿಯ ನಂತರ ಒಂದೇ ಅಂಕಿ ಇರುವ ನಮೂದುಗಳಲ್ಲಿ ಮಾತ್ರ ಈ ತೊಡಕಿದೆ. ಐದನ್ನು ಐವತ್ತು ಎಂದು ಓದಿದರೆ 45 ಸೆಂಟು ಹೆಚ್ಚಾಗುತ್ತದೆ, ಎಂಟನ್ನು ಎಂಬತ್ತು ಎಂದು ಓದಿದರೆ 72. ಯಾವ ಅಂಕಿಯಾದರೂ ವ್ಯತ್ಯಾಸ ಅದರ ಒಂಬತ್ತರಷ್ಟೇ. ಹಾಗಾಗಿ ನಿಮ್ಮ ಮೊತ್ತಕ್ಕೂ ಪುಸ್ತಕದ ಮೊತ್ತಕ್ಕೂ ಇರುವ ಅಂತರವನ್ನು ಸೆಂಟುಗಳಲ್ಲಿ ತೆಗೆದು ನೋಡಿ. ಅದು 9ರಿಂದ ನಿಶ್ಶೇಷವಾಗಿ ಭಾಗವಾದರೆ ಸಂಶಯದ ನಮೂದುಗಳನ್ನೇ ಮೊದಲು ಪರೀಕ್ಷಿಸಿ. ಭಾಗವಾಗದಿದ್ದರೆ ಟೈಪಿಂಗ್‌ನಲ್ಲಿಯೋ, ಪುಸ್ತಕದಲ್ಲಿ ಕೂಡುವಾಗಲೋ ಬೇರೆ ತಪ್ಪೂ ಸೇರಿಕೊಂಡಿದೆ. ಪುಸ್ತಕದ ಮೊತ್ತವನ್ನೇ ಕಣ್ಣುಮುಚ್ಚಿ ನಂಬಬೇಕೆಂದು ನಾನು ಹೇಳುವುದಿಲ್ಲ.

ಉತ್ತರ (ಗೋಣಿಕೊಪ್ಪಲಿನಿಂದ)

ಮೇಲಿನ ವಿಧಾನ ಸರಿಯಾಗಿದೆ, ಆದರೆ ಟೈಪ್ ಮಾಡುವುದು ಎಕ್ಸೆಲ್‌ನಲ್ಲಾದರೆ ಇನ್ನೊಂದು ಅಪಾಯವಿದೆ. 1-05 ಎಂದು ಬರೆದು ಎಂಟರ್ ಒತ್ತಿದ ಕೂಡಲೇ ಅದು ತಾರೀಖಾಗಿಬಿಡುತ್ತದೆ, ಆಮೇಲೆ ಕಾಲಂನ ಸ್ವರೂಪ ಬದಲಿಸಿದರೂ ನೀವು ಬರೆದದ್ದು ಮರಳಿ ಸಿಗುವುದಿಲ್ಲ. ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಗುರುತಿಸಿಕೊಳ್ಳಿ. ಇದೇ ಕಾಟಕ್ಕೆ ಬೇಸತ್ತು, ತಾರೀಖಿನಂತೆ ಕಾಣುವ ಕೆಲವು ಮಾನವ ಜೀನ್‌ಗಳ ಹೆಸರುಗಳನ್ನೇ ವಿಜ್ಞಾನಿಗಳು ಬದಲಿಸಬೇಕಾಯಿತು. 2020ರಲ್ಲಿ ಅದಕ್ಕಾಗಿ ನಿಯಮಾವಳಿಯೇ ಪ್ರಕಟವಾಯಿತು.

ಕನ್ನಡ ಅಂಕಿಗಳ ಬಗ್ಗೆ ಚಿಂತೆ ಬೇಡ. ಪೈಥಾನ್‌ನ ಇಂಟ್‌ಗೆ ೦೫ ಎಂಬ ಸ್ಟ್ರಿಂಗ್ ಕೊಟ್ಟರೆ ಅದು 5 ಎಂದೇ ಓದುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಈ ಅನುಕೂಲವಿಲ್ಲ, ಅಲ್ಲಿ ನ್ಯಾನ್ (NaN, ಅಂದರೆ ಸಂಖ್ಯೆಯಲ್ಲ) ಬರುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಸೊನ್ನೆ 3302ನೆಯ ಸ್ಥಾನದಲ್ಲಿಯೂ ಒಂಬತ್ತು 3311ರಲ್ಲಿಯೂ ಇರುವುದರಿಂದ, ಅಲ್ಲಿ ಅಕ್ಷರದ ಸಂಖ್ಯೆಯಿಂದ 3302 ಕಳೆದರೆ ಬೇಕಾದ ಅಂಕಿ ದೊರೆಯುತ್ತದೆ.

ಮರುಪ್ರಶ್ನೆ (ಸುಂಟಿಕೊಪ್ಪದಿಂದ)

ಇಬ್ಬರಿಗೂ ಧನ್ಯವಾದಗಳು. ಒಂಬತ್ತರ ಪರೀಕ್ಷೆಯಿಂದ ಅಪ್ಪನ ಪುಟಗಳ ಗೊಂದಲ ಬಹುಪಾಲು ಬಗೆಹರಿಯಿತು. ಅವರು ಒಂಟಿ ಅಂಕಿ ಬರೆದಲ್ಲೆಲ್ಲ ಅದು ಸೆಂಟೇ ಆಗಿದೆ. ಈಗ ಎರಡು ಸಂಗತಿಗಳು ಉಳಿದಿವೆ: ಏನನ್ನೂ ಬರೆಯದೆ ಬಿಟ್ಟ ದಿನಗಳನ್ನು ಸೊನ್ನೆ ಎನ್ನಬಹುದೇ, ಮತ್ತು ಮಳೆ ಬಂದ ದಿನಗಳನ್ನು ಎಣಿಸಲು ಯಾವ ಮಿತಿ ಇಟ್ಟುಕೊಳ್ಳಬೇಕು?

ಉತ್ತರ (ಮಡಿಕೇರಿಯಿಂದ)

ಖಾಲಿ ಬಿಟ್ಟದ್ದನ್ನು ಸೊನ್ನೆ ಮಾಡಬೇಡಿ, ನನ್ (None) ಎಂಬ ಮೌಲ್ಯವನ್ನೇ ಇಡಿ. ಸೊನ್ನೆ ಎಂದರೆ ಅಳೆದು ನೋಡಿದಾಗ ಮಳೆ ಇರಲಿಲ್ಲ ಎಂದರ್ಥ. ಖಾಲಿ ಎಂದರೆ ಯಾರೂ ಮಾಪಕದ ಬಳಿ ಹೋಗದೆಯೂ ಇದ್ದಿರಬಹುದು. ನನ್ ಇರುವ ಪಟ್ಟಿಯನ್ನು ನೇರವಾಗಿ ಕೂಡಲು ಹೋದರೆ ಪೈಥಾನ್ ಟೈಪ್ ಎರರ್ ಕೊಟ್ಟು ನಿಲ್ಲುತ್ತದೆ, ಅದು ಒಳ್ಳೆಯದೇ. ಅಜ್ಜ ಬೇಸಿಗೆಯಲ್ಲಿ ಮಳೆ ಬಂದ ದಿನಗಳನ್ನು ಮಾತ್ರ ಬರೆಯುತ್ತಿದ್ದರೇ ಎಂಬುದನ್ನು ಮನೆಯಲ್ಲಿ ಹಿರಿಯರ ಬಳಿ ಕೇಳಿ ನಿರ್ಧರಿಸಿ.

ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆಯಾದ ದಿನವೇ ಮಳೆದಿನ. ಒಂಬತ್ತು ಸೆಂಟು ಎಂದರೆ 2.286 ಮಿಲಿಮೀಟರ್, ಹತ್ತು ಸೆಂಟು 2.54, ಆದ್ದರಿಂದ ಸೆಂಟುಗಳಲ್ಲಿ ಮಿತಿ ಸಲೀಸಾಗಿ ಹತ್ತಕ್ಕೆ ಬಂದು ನಿಲ್ಲುತ್ತದೆ:

ಮಳೆದಿನ = ಒಟ್ಟು >= 10

ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಹಿಂದಿನ 24 ಗಂಟೆಗಳ ಮಳೆಯನ್ನು ಅಳೆಯುತ್ತಾರೆ. ನಿಮ್ಮ ಮನೆಯಲ್ಲೂ ಬೆಳಿಗ್ಗೆಯೇ ಅಳೆದಿದ್ದರೆ, ಜೂನ್ 1ರ ನಮೂದಿನಲ್ಲಿರುವುದು ಬಹುಪಾಲು ಮೇ 31ರ ಮಳೆ. ಹಾಗೆಂದು ತಾರೀಖುಗಳನ್ನು ಈಗಲೇ ಹಿಂದಕ್ಕೆ ಸರಿಸಬೇಡಿ. ಪುಸ್ತಕದ ಮೊತ್ತಗಳು ಬರೆದ ತಾರೀಖಿನ ಪ್ರಕಾರವೇ ಇರುವುದರಿಂದ, ತಾಳೆ ನೋಡುವ ಕೆಲಸ ಪೂರ್ತಿ ಮುಗಿದ ಮೇಲೆ, ಬೇಕಿದ್ದರೆ ಬೇರೊಂದು ಕಾಲಂನಲ್ಲಿ ಅದನ್ನು ಮಾಡಿಕೊಳ್ಳಿ.