ಸಹಾಯ ಬೇಕು: ಪಾಲೆ ತೊಗಟೆಯ ಆಲ್ಕಲಾಯ್ಡ್ ಇಲಿಗೆ ಕೊಡುವುದು ಹೇಗೆ?

ಮಂಗಳೂರಿನಲ್ಲಿ ಎಂ.ಫಾರ್ಮ್ ಓದುತ್ತಿದ್ದೇನೆ. ಆಟಿ ಅಮಾವಾಸ್ಯೆಗೆ ತುಳುನಾಡಿನಲ್ಲಿ ನಾವು ಕುಡಿಯುವ ಪಾಲೆ ಮರದ ಕಷಾಯ ಗೊತ್ತಲ್ವಾ, ಅದೇ ತೊಗಟೆಯಿಂದ ಆಲ್ಕಲಾಯ್ಡ್ (ಗಿಡದಲ್ಲಿರುವ ಸಾರಜನಕದ ಸತ್ವ) ತೆಗೆದಿದ್ದೇನೆ. (ವಿಷದ ಕಾಸರಕ ಮರದ್ದಲ್ಲ, ಗಾಬರಿ ಬೇಡ! ಸಸ್ಯಶಾಸ್ತ್ರದವರಿಗೆ ತೋರಿಸಿಯೇ ತಂದದ್ದು.) ಎಥಿಕ್ಸ್ ಕಮಿಟಿ ಒಪ್ಪಿಗೆ ಸಿಕ್ಕಿದೆ. ಒಇಸಿಡಿ 423 (ಬಾಯಿಗೆ ಕೊಟ್ಟು ವಿಷ ಪರೀಕ್ಷಿಸುವ ಅಂತರರಾಷ್ಟ್ರೀಯ ಗೈಡ್‌ಲೈನ್) ಪ್ರಕಾರ ಹಂತಕ್ಕೆ 3 ಹೆಣ್ಣಿಲಿ, 14 ದಿನ ನೋಡಬೇಕು.

ತೊಂದರೆ ಏನೆಂದರೆ, ಪುಡಿ ನೀರಲ್ಲಿ ಕರಗುತ್ತಿಲ್ಲ. ಸಿಎಂಸಿ (ದ್ರಾವಣ ಮಂದ ಮಾಡುವ ಅಂಟು ಪುಡಿ) ದ್ರಾವಣದಲ್ಲಿ ಅರೆದು ನೋಡಿದೆ. ಐದೇ ನಿಮಿಷಕ್ಕೆ ಕಂದು ಗಸಿ ತಳದಲ್ಲಿ ಕೂರುತ್ತದೆ, ಬಾಯಿಗೆ ಹಾಕುವ ಸೂಜಿಯೂ ಕಟ್ಟಿಕೊಳ್ಳುತ್ತದೆ. ಹೀಗಾದರೆ ಒಂದೊಂದು ಇಲಿಗೆ ಒಂದೊಂದು ಡೋಸ್! ಪುಡಿ ನೀರಲ್ಲಿ ಹರಡಲು ಟ್ವೀನ್ 80 ಸ್ವಲ್ಪ ಸೇರಿಸಬಹುದಾ?

ಇನ್ನೊಂದು. ವಿಷದ ಬಗ್ಗೆ ಮಾಹಿತಿ ಇಲ್ಲದಿದ್ದರೆ ಇಲಿಯ ತೂಕದ ಕೆ.ಜಿ.ಗೆ 300 ಮಿ.ಗ್ರಾಂನಿಂದ ಶುರು ಮಾಡಿ ಅನ್ನುತ್ತದೆ ಗೈಡ್‌ಲೈನ್. ಆದರೆ ಇದು ಬರೀ ಕಷಾಯ ಅಲ್ಲ, ಸೋಸಿ ಗಟ್ಟಿ ಮಾಡಿದ್ದು. ನನಗೆ 50 ಸರಿ ಅನ್ನಿಸುತ್ತದೆ, ಸುಮ್ನೆ ಇಲಿ ಸಾಯಬಾರದು. ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಸೋಮವಾರ ಡೋಸಿಂಗ್ ಇದೆ.