ಡ್ಯಾನಿಶ್ ಕ್ರೋಶಾದ ‘ಹೆಕ್ಲೆ’, ‘ಮಾಸ್ಕೆ’: ಪದಮೂಲ ಮತ್ತು ಕನ್ನಡ ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ,

ಡ್ಯಾನಿಶ್ ಭಾಷೆಯ ಒಂದು ಕ್ರೋಶಾ (ಕೊಕ್ಕೆ ಕಡ್ಡಿಯಿಂದ ದಾರ ಹೆಣೆಯುವ ಕಸುಬು) ಮಾದರಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕ್ರೋಶಾ ಹಾಕುವುದಕ್ಕೆ ಅವರು ‘ಹೆಕ್ಲೆ’ ಅನ್ನುತ್ತಾರೆ. ಇದು ಜರ್ಮನ್‌ನ ‘ಹೇಕೆಲ್ನ್’ನಿಂದ ಬಂದದ್ದು, ಅದರ ಬೇರು ‘ಹಾಕೆನ್’, ಅಂದರೆ ಕೊಕ್ಕೆ. ನಾವು ಹೇಳುವ ‘ಕ್ರೋಶಾ’ ಕೂಡ ಫ್ರೆಂಚ್‌ನಲ್ಲಿ ಪುಟ್ಟ ಕೊಕ್ಕೆಯೇ. ನನಗೆ ತುಂಬ ಹಿಡಿಸಿದ್ದು ಮುಂದಿನ ಸಂಗತಿ. ಈ ಫ್ರೆಂಚ್ ಪದದ ನಂಟು ಡ್ಯಾನಿಶ್‌ನ ಮೂಲಭಾಷೆಯಾದ ಹಳೆಯ ನಾರ್ಸ್‌ನ ‘ಕ್ರೋಕ್ರ್’ಗಿದೆ, ಅದೇ ಪದ ಡ್ಯಾನಿಶ್‌ನಲ್ಲಿ ‘ಕ್ರೋಗ್’ ಆಗಿ ಇವತ್ತಿಗೂ ಇದೆ, ಮೀನಿನ ಗಾಳಕ್ಕೆ ‘ಫಿಸ್ಕೆಕ್ರೋಗ್’ ಅಂತಾರೆ. ಮನೆಯಲ್ಲೇ ಇದ್ದ ಪದ ಬಿಟ್ಟು ಈ ಕೆಲಸಕ್ಕೆ ಮಾತ್ರ ಜರ್ಮನ್ ಪದ ಹಿಡಿದರು. ಕಸುಬು ಎತ್ತಲಿಂದ ಬಂತೋ ಪದವೂ ಅತ್ತಲಿಂದಲೇ ಬಂತು ಅಂತ ನನಗನಿಸುತ್ತದೆ. ಯಾಕಂದರೆ ಹೊಲಿಗೆಗಳ ಹೆಸರೂ ಹಾಗೇ ಇವೆ.

ಹೊಲಿಗೆಗೆ ಅವರು ಹೇಳುವ ‘ಮಾಸ್ಕೆ’ ಅಂದರೆ ಇಲ್ಲಿ ಮುಖವಾಡ ಅಲ್ಲ, ಬಲೆಯ ಕಣ್ಣು, ದಾರದ ಕುಣಿಕೆ. ಜರ್ಮನ್‌ನ ‘ಮಾಶೆ’, ಇಂಗ್ಲಿಷಿನ ‘ಮೆಶ್’ ಇದರ ಬಳಗ. ಮುಖವಾಡದ ‘ಮಾಸ್ಕೆ’ ಬೇರೆಯೇ ಪದ, ಕಾಗುಣಿತ ಮಾತ್ರ ಒಂದೇ. ‘ಲುಫ್ಟ್‌ಮಾಸ್ಕೆ’ ಅಂದರೆ ಗಾಳಿಕುಣಿಕೆ: ದಾರವನ್ನು ಕಡ್ಡಿಗೆ ಸುತ್ತಿ ಕುಣಿಕೆಯೊಳಗಿಂದ ಎಳೆಯುತ್ತೀವಿ, ಕೆಳಗಿನ ಸಾಲಿಗೆ ಚುಚ್ಚುವುದೇ ಇಲ್ಲ, ಅದಕ್ಕೇ ಆ ಹೆಸರು. ನಾವು ಚೈನ್ ಅನ್ನೋದು ಇದನ್ನೇ. ಆದರೆ ‘ಕೇಡೆಮಾಸ್ಕೆ’ ಅಂತ ಇನ್ನೊಂದಿದೆ, ‘ಕೇಡೆ’ ಅಂದರೆ ಸರಪಳಿ. ಅದನ್ನು ನೋಡಿ ಚೈನ್ ಅಂತ ಬರೆದುಬಿಟ್ಟರೆ ಮಾದರಿ ಪೂರ್ತಿ ಕೆಡುತ್ತದೆ, ಯಾಕಂದರೆ ಅದು ನಮ್ಮ ಸ್ಲಿಪ್ ಸ್ಟಿಚ್! ಸುತ್ತು ಮುಗಿದಾಗ ತುದಿಗಳನ್ನು ಸೇರಿಸುವ ಚಪ್ಪಟೆ ಹೊಲಿಗೆ. ಮಾದರಿಗಳಲ್ಲಿ ಒಂದಕ್ಕೆ ‘ಎಲ್‌ಎಂ’, ಇನ್ನೊಂದಕ್ಕೆ ‘ಕೆಎಂ’ ಅಂತ ಗುರುತು ಇರುತ್ತದೆ, ಅದನ್ನೇ ನಂಬುವುದು ಒಳ್ಳೇದು.

ಈಗ ನನ್ನ ಪ್ರಶ್ನೆ. ಉದ್ದ ಹೊಲಿಗೆಗೆ ಅವರು ‘ಸ್ಟಾಂಗ್‌ಮಾಸ್ಕೆ’ ಅನ್ನುತ್ತಾರೆ. ‘ಸ್ಟಾಂಗ್’ ಅಂದರೆ ಕೋಲು, ಬಾವುಟದ ಕಂಬಕ್ಕೂ ‘ಫ್ಲಾಗ್‌ಸ್ಟಾಂಗ್’. ಮರಾಠಿ ಹೆಂಗಸರು ಇದೇ ಹೊಲಿಗೆಗೆ ‘ಖಾಂಬ್’ ಅಂತಾರೆ. ಹಾಗಾಗಿ ‘ಕಂಬ’ ಅಂತಲೇ ಬರೆಯೋಣ ಅಂತಿದ್ದೇನೆ, ಇಂಗ್ಲಿಷಿನ ‘ಡಬಲ್ ಕ್ರೋಶಾ’ ಬೇಡ. ಇಂಗ್ಲೆಂಡಿನಲ್ಲಿ ಆ ಹೆಸರು ಒಂದು ಹೊಲಿಗೆಗೆ, ಅಮೆರಿಕದಲ್ಲಿ ಇನ್ನೊಂದಕ್ಕೆ, ಕಲಿಯುವವರಿಗೆ ಸುಮ್ನೆ ಗೊಂದಲ ಅಲ್ವಾ? ನಿಮ್ಮ ಕಡೆ ಸೀರೆಗೆ ಕ್ರೋಶಾ ಕುಚ್ಚು ಹಾಕುವವರು ಈ ಹೊಲಿಗೆಗೆ ಏನಂತಾರೆ? ಬೆಳಗಾವಿ, ಕಾರವಾರದ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಸ್ಲಿಪ್ ಸ್ಟಿಚ್‌ಗೂ ಅವರ ಬಾಯಲ್ಲಿ ಹೆಸರಿದ್ದರೆ ಇನ್ನೂ ಒಳ್ಳೇದು.