ಟೆಸ್ಟಿಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಕೇಳಿ, ಚಿಕ್ಕಮ್ಮ
ಚಿಕ್ಕಮ್ಮ, ನಿಮ್ಮ ಮೆಸೇಜ್ ಈಗ ಕೇಳಿದೆ. ಎಸ್ಸೆಸ್ಸೆಲ್ಸಿ ಮುಗೀತು, ಹುಡುಗನಿಗೆ ಸೈನ್ಸೋ ಕಾಮರ್ಸೋ ಗೊತ್ತಾಗ್ತಿಲ್ಲ, ಯಾರೋ ಬೆರಳಚ್ಚು ನೋಡಿ ಹೇಳ್ತಾರಂತೆ, ಮಾಡಿಸ್ಲಾ ಅಂದ್ರಲ್ಲ. ಅದು ಬೇಡವೇ ಬೇಡ. ಡಿಎಂಐಟಿ ಅಂತಾರೆ ಅದಕ್ಕೆ. ಬೆರಳಿನ ಗೆರೆಗಳು ತಾಯಿ ಹೊಟ್ಟೇಲೇ ಮೂಡಿರ್ತವೆ, ಅದಕ್ಕೂ ಹುಡುಗನ ಲೆಕ್ಕಕ್ಕೂ ನಂಟಿದೆ ಅನ್ನೋಕೆ ಆಧಾರವೇ ಇಲ್ಲ.

ಟೆಸ್ಟ್ ಮಾಡಿಸೋದಾದ್ರೆ ಆಸಕ್ತಿದು ಒಂದು, ಸಾಮರ್ಥ್ಯದ್ದು ಒಂದು, ಎರಡೂ ಬೇಕು. ಆಸಕ್ತಿ ಟೆಸ್ಟಲ್ಲಿ ‘ಮಿಕ್ಸಿ ಬಿಚ್ಚಿ ರಿಪೇರಿ ಮಾಡೋದು ಇಷ್ಟವೇ’ ಅನ್ನೋ ಥರ ಕೇಳ್ತಾರೆ. ಸ್ಕ್ರೂಡ್ರೈವರ್ರೇ ಮುಟ್ಟದ ಹುಡುಗ ಇಲ್ಲ ಅಂತ ಒತ್ತಿಬಿಡ್ತಾನೆ. ಅದು ಇಷ್ಟ ಇಲ್ಲ ಅಂತಲ್ಲ, ಗೊತ್ತಿಲ್ಲ ಅಂತ. ಅದಕ್ಕೇ ಮೊದಲು ಒಂದೆರಡು ವಾರ ಗ್ಯಾರೇಜು, ಲ್ಯಾಬು, ಆಡಿಟರ್ ಆಫೀಸು ತೋರಿಸಿ. ಟೆಸ್ಟ್ ಮಾಡೋವಾಗ ಪಕ್ಕ ಕೂರ್ಬೇಡಿ, ನಿಮ್ಮ ಮುಖ ನೋಡಿ ಟಿಕ್ ಹಾಕ್ತಾನೆ.

ಸಾಮರ್ಥ್ಯದ ಟೆಸ್ಟಿಗೆ ಟೈಮ್ ಲಿಮಿಟ್ ಇರುತ್ತೆ. ಬೆಳಗ್ಗೆ ತಿಂಡಿ ಆದ್ಮೇಲೆ ಮಾಡಿಸಿ, ಟ್ಯೂಷನ್ನಿಂದ ಸುಸ್ತಾಗಿ ಬಂದಾಗ ಬೇಡ. ಸಿಬಿಎಸ್ಇ, ಎನ್‌ಸಿಇಆರ್‌ಟಿ ಸೇರಿ 9, 10ನೇ ಕ್ಲಾಸಿನವರಿಗೆ ಮಾಡಿರೋ ‘ತಮನ್ನಾ’ ಅನ್ನೋ ಸಾಮರ್ಥ್ಯದ ಟೆಸ್ಟ್ ನೋಡಿ, ಭಾಷೆ, ಅಂಕಿ, ಯಂತ್ರ, ಆಕಾರ ಹೀಗೆ ಏಳು ಭಾಗ, ಪಾಸು ಫೇಲು ಇಲ್ಲ.

ರಿಪೋರ್ಟಲ್ಲಿ ಎಲ್ಲರೂ ಎಡವೋದು ಪರ್ಸೆಂಟೈಲಲ್ಲಿ. 70 ಅಂದ್ರೆ ನೂರಕ್ಕೆ 70 ಮಾರ್ಕ್ಸ್ ಅಲ್ಲ, ಹೋಲಿಸಿದ ನೂರು ಮಕ್ಕಳಲ್ಲಿ ಸುಮಾರು 70 ಜನಕ್ಕಿಂತ ಮುಂದೆ ಅಂತ. ಆ ನೂರು ಜನ ಯಾರು ಅಂತ ಕೇಳ್ಲೇಬೇಕು. ನಮ್ಮ ಹುಡುಗ ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಪ್ರಶ್ನೆ ಕೊಟ್ಟು ಸಿಟಿ ಮಕ್ಕಳ ಜೊತೆ ಹೋಲಿಸಿದ್ರೆ ಭಾಷೆ ಅಂಕ ಬಿದ್ದೇ ಬೀಳುತ್ತೆ, ಬುದ್ಧಿ ಕಮ್ಮಿ ಅಂತಲ್ಲ ಅದು. ಕನ್ನಡದಲ್ಲಿದ್ಯಾ ಕೇಳಿ. ಒಂದು ಭಾಗದಲ್ಲಿ 55, ಇನ್ನೊಂದರಲ್ಲಿ 60 ಬಂದ್ರೆ ವ್ಯತ್ಯಾಸ ಹುಡುಕ್ಬೇಡಿ, 30, 80 ಇದ್ರೆ ಮಾತಾಡಿ.

ಕೌನ್ಸೆಲರ್ ಹುಡುಗನ ಜೊತೆ ಒಬ್ಬರೇ ಮಾತಾಡ್ಬೇಕು, ಆಮೇಲೆ ನಿಮ್ಮ ಜೊತೆ. ಹತ್ತು ನಿಮಿಷದಲ್ಲಿ ಇಂಥ ಕಾಲೇಜಿಗೇ ಸೇರಿಸಿ ಅಂದ್ರೆ ಎದ್ದು ಬನ್ನಿ.

ಇನ್ನು ಬಾಗಿಲು ಎಲ್ಲಿ ಮುಚ್ಚುತ್ತೆ ನೋಡ್ಕೊಳ್ಳಿ. ಬಯಾಲಜಿ ಬಿಟ್ರೆ ಮೆಡಿಕಲ್‌ಗೆ ಬರೆಯೋ ನೀಟ್ ಕಷ್ಟ, ಮ್ಯಾಥ್ಸ್ ಬಿಟ್ರೆ ಸಿಇಟಿಲಿ ಇಂಜಿನಿಯರಿಂಗ್ ಸಿಗಲ್ಲ. ಪಿಸಿಎಂಬಿ, ಅಂದ್ರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ನಾಲ್ಕೂ ತಗೊಂಡ್ರೆ ಎರಡನ್ನೂ ತೆರೆದಿಡುತ್ತೆ, ಆದ್ರೆ ಹೊರೆ ಜಾಸ್ತಿ. ಯಂತ್ರದ ಭಾಗ ಚೆನ್ನಾಗಿ ಬಂದು ಕೈಕೆಲಸ ಇಷ್ಟ ಇದ್ರೆ 3 ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಬಗ್ಗೆ ದಯವಿಟ್ಟು ಗೌರವದಿಂದ ಯೋಚಿಸಿ, ಆಮೇಲೆ ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಹೋಗ್ಬಹುದು.

ರಿಪೋರ್ಟ್ ಬಂದ್ರೆ ಈ ಗ್ರೂಪಲ್ಲಿ ಹಾಕ್ಬೇಡಿ ಚಿಕ್ಕಮ್ಮ, ಎಲ್ಲರೂ ನೋಡೋದು ಅವನಿಗೆ ಬೇಜಾರು. ಅವನು ಹೂಂ ಅಂದ್ರೆ ಗ್ರಾಫ್ ಇರೋ ಪುಟ ನನಗೊಬ್ಬಳಿಗೆ ಕಳಿಸಿ, ಮೂವರೂ ಫೋನಲ್ಲಿ ಕೂತು ನೋಡೋಣ.